ವಿಜಯಪುರ, ಬಾಗಲಕೋಟೆ ಬಿಸಿಲಿನಲ್ಲಿ ಔಷಧ ಕಾಪಾಡುವುದು ಹೇಗೆ? ಮನೆಗೂ ಪ್ರಯಾಣಕ್ಕೂ ಸಮಗ್ರ ಮಾರ್ಗದರ್ಶಿ

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಆದರೆ ನಾವು ಕೊಳ್ಳುವ ಬಹುತೇಕ ಔಷಧಗಳ ಮೇಲೆ ‘30 ಡಿಗ್ರಿ ಮೀರದ ಜಾಗದಲ್ಲಿ ಇಡಿ’ ಎಂದು ಬರೆದಿರುತ್ತದೆ. ನಡುವಿನ ಈ ಹತ್ತು ಡಿಗ್ರಿಯನ್ನು ಮನೆಯವರೇ ಸಂಭಾಳಿಸಬೇಕು.

ನಾನು ಔಷಧ ಅಂಗಡಿಯ ಕೌಂಟರ್ ಹಿಂದೆ ನಿಲ್ಲುವವನು. ಬೇಸಿಗೆ ಬಂದರೆ ಒಂದು ಮಾತು ಮತ್ತೆ ಮತ್ತೆ ಕೇಳುತ್ತೇನೆ: ‘ಇನ್ಸುಲಿನ್ ಒಂದು ದಿನವೂ ತಪ್ಪಿಸಿಲ್ಲ, ಆದರೂ ಸಕ್ಕರೆ ಇಳಿಯುತ್ತಿಲ್ಲ.’ ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದರೆ ತಗಡಿನ ಮನೆ, ಕಿಟಕಿ ಕಟ್ಟೆ, ಬೈಕಿನ ಡಿಕ್ಕಿ ಎಂಬ ಉತ್ತರ ಬರುತ್ತದೆ. ಬಿಸಿಗೆ ಸತ್ವ ಕಳೆದುಕೊಂಡ ಔಷಧ ಅನೇಕ ಸಲ ನೋಡಲು ಮೊದಲಿನ ಹಾಗೇ ಇರುತ್ತದೆ. ಬಣ್ಣ ಅದೇ, ವಾಸನೆ ಅದೇ. ಡಾಕ್ಟರ್ ಡೋಸ್ ಏರಿಸುತ್ತಾರೆ, ಖರ್ಚೂ ಏರುತ್ತದೆ. ಹಾಗಾಗಿ ಡೋಸ್ ಬದಲಿಸುವ ಮಾತು ಬಂದಾಗಲೆಲ್ಲ ಔಷಧ ಎಲ್ಲಿಟ್ಟಿದ್ದೀರಿ ಅನ್ನೋದನ್ನೂ ಡಾಕ್ಟರಿಗೆ ಹೇಳಿ.

ಹಂತ 1: ಅಂಗಡಿ ಬಿಡುವ ಮುಂಚೆ ಲೇಬಲ್ ನೋಡಿ

ಪೆಟ್ಟಿಗೆ ಅಥವಾ ಸ್ಟ್ರಿಪ್ ಮೇಲೆ ಸಣ್ಣ ಅಕ್ಷರದಲ್ಲಿ ಉಷ್ಣತೆ ಬರೆದಿರುತ್ತದೆ. ‘2ರಿಂದ 8 ಡಿಗ್ರಿ’ ಎಂದಿದ್ದರೆ ಫ್ರಿಜ್ ಬೇಕೇ ಬೇಕು. ‘25 ಡಿಗ್ರಿಗಿಂತ ಕಡಿಮೆ’ ಎಂದಿದ್ದರೆ ಮನೆಯ ಅತಿ ತಂಪು ಜಾಗ ಬೇಕು. ‘30 ಡಿಗ್ರಿ ಮೀರಬಾರದು’ ಎಂದಿದ್ದರೆ ಒಳಗಿನ ನೆರಳಿನ ಕೋಣೆ ನಡೆಯುತ್ತದೆ. ಇಂಗ್ಲಿಷ್ ಓದಲು ಕಷ್ಟವಾದರೆ ಅಂಗಡಿಯವರನ್ನೇ ಕೇಳಿ, ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ನಾಚಿಕೆ ಬೇಡ, ಅದು ನಮ್ಮ ಕೆಲಸವೇ.

ಇನ್ನೊಂದು ಮಾತು. ನಮ್ಮಲ್ಲಿ ನಾಲ್ಕು ಗುಳಿಗೆ, ಆರು ಗುಳಿಗೆ ಎಂದು ಸ್ಟ್ರಿಪ್ ಕತ್ತರಿಸಿ ಕೊಳ್ಳುವ ರೂಢಿ ಇದೆ. ಮುಗಿಯುವ ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಸಾಮಾನ್ಯವಾಗಿ ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಮಾತ್ರ ಇರುತ್ತದೆ. ನಿಮ್ಮ ತುಂಡಿನಲ್ಲಿ ಅದು ಇಲ್ಲದಿದ್ದರೆ ಅಲ್ಲೇ ಮೊಬೈಲಿನಲ್ಲಿ ಪೂರ್ತಿ ಸ್ಟ್ರಿಪ್ಪಿನ ಫೋಟೋ ತೆಗೆದುಕೊಳ್ಳಿ. ಪೂರ್ತಿ ಸ್ಟ್ರಿಪ್ ಕೊಂಡರೆ ದಿನಾಂಕ ಇಲ್ಲದ ತುದಿಯಿಂದ ಗುಳಿಗೆ ಬಿಡಿಸುತ್ತ ಬನ್ನಿ. ಕೊನೆಯ ಗುಳಿಗೆಯ ತನಕ ದಿನಾಂಕ ಉಳಿಯುತ್ತದೆ.

ಹಂತ 2: ಮನೆಯಲ್ಲಿ ಸರಿಯಾದ ಜಾಗ ಹುಡುಕಿ

ಬೇಡದ ಜಾಗಗಳನ್ನು ಮೊದಲು ತೆಗೆದುಹಾಕಿ. ಅಡುಗೆಮನೆ ಬೇಡ, ಒಲೆಯ ಬಿಸಿ ಮತ್ತು ಹಬೆ ಎರಡೂ ಅಲ್ಲಿವೆ. ಬಚ್ಚಲಮನೆಯ ಕನ್ನಡಿ ಕಪಾಟು ಬೇಡ. ಟಿ.ವಿ. ಮೇಲೆ, ಫ್ರಿಜ್ಜಿನ ಮೇಲೆ ಬೇಡ. ಫ್ರಿಜ್ ಒಳಗೆ ತಂಪು, ಹೊರ ಮೈ ಬೆಚ್ಚಗೆ. ದೇವರ ಜಗಲಿಯ ಮೇಲೆ ದೀಪದ ಪಕ್ಕದಲ್ಲಿ ಇಡುವವರೂ ಇದ್ದಾರೆ, ಅದೂ ಬೇಡ. ಪಶ್ಚಿಮದ ಗೋಡೆಗೆ ಹತ್ತಿದ ಕಪಾಟು ಮಧ್ಯಾಹ್ನದ ಬಿಸಿಲನ್ನು ರಾತ್ರಿವರೆಗೂ ಹಿಡಿದುಕೊಂಡಿರುತ್ತದೆ.

ಹಳೆಯ ಮಣ್ಣಿನ ಮಾಳಿಗೆ ಮನೆ ಇದ್ದವರಿಗೆ ಅನುಕೂಲ ಜಾಸ್ತಿ. ದಪ್ಪ ಗೋಡೆಯ ಒಳಕೋಣೆಯಲ್ಲಿ, ಒಲೆಯಿಂದ ದೂರದ ಮಾಡದಲ್ಲಿ ಇಟ್ಟ ಔಷಧ ಆರ್‌ಸಿಸಿ ಮನೆಯ ಮೇಲಂತಸ್ತಿಗಿಂತ ಚೆನ್ನಾಗಿ ಉಳಿಯುತ್ತದೆ. ತಗಡಿನ ಮನೆಯಾದರೆ ಎತ್ತರದ ನಾಗಂದಿಗೆಯಲ್ಲಿ ಇಡಬೇಡಿ, ಬಿಸಿ ಗಾಳಿ ಮೇಲೆಯೇ ನಿಲ್ಲುತ್ತದೆ. ಮಕ್ಕಳು ಇಲ್ಲದ ಮನೆಯಾದರೆ ಕೆಳಗಿನ ಕಪಾಟು ಒಳ್ಳೆಯದು. ಮಕ್ಕಳಿದ್ದರೆ ಕೆಳಗಿಟ್ಟರೂ ಬೀಗ ಹಾಕುವ ಪೆಟ್ಟಿಗೆಯೇ ಬೇಕು.

ಅನುಮಾನ ಇದ್ದರೆ ಒಂದು ಸಣ್ಣ ಕೋಣೆ ಥರ್ಮಾಮೀಟರ್ ತನ್ನಿ. ಮಧ್ಯಾಹ್ನ ಮೂರಕ್ಕೆ ಮನೆಯ ಮೂರು ನಾಲ್ಕು ಕಡೆ ಇಟ್ಟು ನೋಡಿ. ಯಾವ ಕೋಣೆ ಎಷ್ಟು ಕಾಯುತ್ತದೆ ಎಂದು ಆಗ ತಿಳಿಯುತ್ತದೆ.

ಬೆಳಗಾವಿ, ಖಾನಾಪುರ ಕಡೆಯವರಿಗೆ ಬಿಸಿಲಿಗಿಂತ ಮಳೆಗಾಲದ ತೇವವೇ ದೊಡ್ಡ ತಲೆನೋವು. ಅವರು ಗಟ್ಟಿ ಮುಚ್ಚಳದ ಡಬ್ಬಿ ಬಳಸಬೇಕು. ಥೈರಾಯ್ಡ್ ಗುಳಿಗೆಯ ಬಾಟಲಿಯೊಳಗೆ ಬರುವ ಸಣ್ಣ ಪೊಟ್ಟಣವನ್ನು ಎಸೆಯಬಾರದು, ಅದು ತೇವ ಹೀರುತ್ತದೆ.

ಹಂತ 3: ಮೂಲ ಪಾಕೀಟಿನಿಂದ ಸುಮ್ನೆ ಹೊರಗೆ ತೆಗೆಯಬೇಡಿ

ಫಾಯಿಲ್ ಇರುವುದು ಗುಳಿಗೆಯನ್ನು ಗಾಳಿ, ತೇವ, ಬೆಳಕಿನಿಂದ ಕಾಯಲು. ಎಲ್ಲ ಗುಳಿಗೆ ಬಿಡಿಸಿ ಹಳೆಯ ಬಾಟಲಿಗೆ ಸುರಿಯುವುದು ದೊಡ್ಡ ತಪ್ಪು. ಹೆಸರು ಹೋಗುತ್ತದೆ, ದಿನಾಂಕ ಹೋಗುತ್ತದೆ, ತೇವವೂ ಸೇರುತ್ತದೆ. ಆಸ್ಪಿರಿನ್‌ಗೆ ತೇವ ತಗುಲಿದರೆ ಅದು ಒಡೆದು ವಿನೆಗರ್ ವಾಸನೆ ಬರುತ್ತದೆ. ಮೂರ್ಛೆ ರೋಗಕ್ಕೆ ಕೊಡುವ ವಾಲ್ಪ್ರೊಯೇಟ್ ಗುಳಿಗೆ ಗಾಳಿಯ ತೇವಕ್ಕೇ ಅಂಟಂಟಾಗುತ್ತದೆ. ಕ್ಯಾಪ್ಸೂಲ್‌ಗಳು ಬಿಸಿಗೆ ಮೆತ್ತಗಾಗಿ ಒಂದಕ್ಕೊಂದು ಹಿಡಿಯುತ್ತವೆ. ಆಸ್ತಮಾದ ಪುಡಿ ಕ್ಯಾಪ್ಸೂಲನ್ನು ಎಳೆಯುವ ಹೊತ್ತಿಗೆ ಮಾತ್ರ ಹೊರಗೆ ತೆಗೆಯಬೇಕು.

ವಯಸ್ಸಾದವರಿಗೆ ವಾರದ ಡಬ್ಬಿ ನಿಜಕ್ಕೂ ಉಪಕಾರಿ. ಆದರೆ ಒಂದು ವಾರಕ್ಕಿಂತ ಹೆಚ್ಚು ತುಂಬಬೇಡಿ, ಯಾವ ಗುಳಿಗೆ ಡಬ್ಬಿಗೆ ಹಾಕಬಹುದು ಎಂದು ಕೇಳಿಕೊಂಡೇ ತುಂಬಿ. ಸ್ಟ್ರಿಪ್ಪನ್ನೇ ಗುಳಿಗೆ ಗುಳಿಗೆಯಾಗಿ ಕತ್ತರಿಸಿ ಫಾಯಿಲ್ ಸಮೇತ ಹಾಕುವುದು ಇನ್ನೂ ಒಳ್ಳೆಯದು. ನುಂಗುವಾಗ ಫಾಯಿಲ್ ಬಿಡಿಸಿದ್ದಾರಾ ಎಂದು ಮಾತ್ರ ಪಕ್ಕದವರು ನೋಡಬೇಕು. ಕಣ್ಣು ಮಂಜಾದವರು ಫಾಯಿಲ್ ಸಮೇತ ನುಂಗಿದರೆ ಅದರ ಚೂಪು ಅಂಚು ಗಂಟಲು, ಅನ್ನನಾಳವನ್ನು ಗೀರುತ್ತದೆ.

ಹಂತ 4: ಫ್ರಿಜ್ ಇದ್ದರೆ

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಒಂದು ಬಾಗಿಲಿನ ಫ್ರಿಜ್ ಇರುತ್ತದೆ. ಅದರ ಮೇಲ್ಭಾಗ ಫ್ರೀಜರ್. ಫ್ರೀಜರಿನ ಕೆಳಗಿನ ತಟ್ಟೆ ಮತ್ತು ಹಿಂದಿನ ಗೋಡೆ ತುಂಬಾ ತಣ್ಣಗಿರುತ್ತವೆ. ಬಾಗಿಲು ಪದೇ ಪದೇ ತೆರೆದು ಮುಚ್ಚುವುದರಿಂದ ಅಲ್ಲಿ ಉಷ್ಣತೆ ಏರಿಳಿಯುತ್ತದೆ. ಆದ್ದರಿಂದ ಇನ್ಸುಲಿನ್ ಇಡಬೇಕಾದದ್ದು ನಡುವಿನ ಅಥವಾ ಕೆಳಗಿನ ತಟ್ಟೆಯಲ್ಲಿ, ಮುಚ್ಚಳದ ಡಬ್ಬಿಯೊಳಗೆ, ಹಿಂದಿನ ಗೋಡೆಗೆ ತಾಗದಂತೆ.

ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸಬಾರದು. ಬಿಸಿಗೆ ಹೆದರಿ ಫ್ರೀಜರಿನಲ್ಲಿ ಇಡುವವರು ಇದ್ದಾರೆ. ಅದು ಬಿಸಿಗಿಂತ ಕೆಟ್ಟದ್ದು.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಮುಗಿಯುವ ದಿನಾಂಕದವರೆಗೆ ಇರುತ್ತದೆ. ತೆರೆದದ್ದು ಸಾಮಾನ್ಯವಾಗಿ 28 ದಿನ. ಕೆಲವು ಬಗೆಗಳಿಗೆ ಬೇರೆ ಲೆಕ್ಕ ಇದೆ, ಪೆಟ್ಟಿಗೆಯೊಳಗಿನ ಹಾಳೆಯಲ್ಲಿ ಬರೆದಿರುತ್ತದೆ. ತೆರೆದ ದಿನವನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಬಳಸುತ್ತಿರುವ ಬಾಟಲಿ ಕೋಣೆಯಲ್ಲೇ ಇರಬಹುದು ಎಂದು ಹೇಳುತ್ತಾರಲ್ಲ, ಆ ಮಾತು 25–30 ಡಿಗ್ರಿಯ ಕೋಣೆಗೆ ಮಾತ್ರ. ನಮ್ಮ ಏಪ್ರಿಲ್ ಕೋಣೆಗೆ ಅದು ಸಲ್ಲದು. ಬೇಸಿಗೆಯಲ್ಲಿ ಅದನ್ನೂ ಫ್ರಿಜ್ಜಿನಲ್ಲೇ ಇಡಿ, ಚುಚ್ಚುವ ಸ್ವಲ್ಪ ಮುಂಚೆ ಹೊರಗೆ ತೆಗೆಯಿರಿ. ತಣ್ಣಗಿದ್ದರೆ ಚುಚ್ಚಿದಾಗ ಉರಿ ಜಾಸ್ತಿ. ಇನ್ಸುಲಿನ್ ಪೆನ್ನಾದರೆ ಸೂಜಿ ತೆಗೆದೇ ಇಡಬೇಕು. ಬಳಕೆಯಲ್ಲಿರುವ ಕೆಲವು ಪೆನ್ನುಗಳನ್ನು ಫ್ರಿಜ್ಜಿಗೆ ಹಾಕಬೇಡಿ ಎಂದು ಕಂಪನಿಗಳೇ ಹೇಳುತ್ತವೆ. ಅಂಥವನ್ನು ಮುಂದೆ ಹೇಳುವ ಮಡಕೆಯಲ್ಲಿ ಇಡಬಹುದು.

ಚುಚ್ಚುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ತಿಳಿ ಇನ್ಸುಲಿನ್ ಮಂಜಾಗಿದ್ದರೆ ಬೇಡ. 30/70 ಎಂಬ ಮಿಶ್ರ ಇನ್ಸುಲಿನ್ ಹುಟ್ಟಿನಿಂದಲೇ ಹಾಲಿನ ಬಣ್ಣ. ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದ ಮೇಲೂ ಗಂಟು ಉಳಿದರೆ, ಗಾಜಿಗೆ ಬಿಳಿ ಪದರ ಹತ್ತಿದ್ದರೆ ಅದನ್ನು ಬಿಡಿ.

ಕರೆಂಟ್ ಹೋದಾಗ ಫ್ರಿಜ್ ತೆರೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ತಾಸು ತಂಪು ಹಿಡಿದಿರುತ್ತದೆ.

ಫ್ರಿಜ್ಜಿಗೆ ಹಾಕಬಾರದ ಔಷಧಗಳೂ ಇವೆ. ಸಾದಾ ಗುಳಿಗೆಗಳನ್ನು ಒಳಗಿಟ್ಟು ಹೊರಗೆ ತೆಗೆದರೆ ನೀರಿನ ಹನಿ ಕೂರುತ್ತದೆ. ಮಕ್ಕಳ ಆಂಟಿಬಯೋಟಿಕ್ ಪುಡಿ ಔಷಧ ಬೇರೆ ಮಾತು. ಕಾಯಿಸಿ ಆರಿಸಿದ ನೀರು ಬೆರೆಸಿದ ಮೇಲೆ ಹಲವನ್ನು ಫ್ರಿಜ್ಜಿನಲ್ಲಿಟ್ಟು 7 ದಿನದೊಳಗೆ ಮುಗಿಸಬೇಕು. ಉಳಿದದ್ದನ್ನು ಮುಂದಿನ ಜ್ವರಕ್ಕೆ ಎತ್ತಿಡುವಂತಿಲ್ಲ. ಓಆರ್‌ಎಸ್ ಕಲಸಿದರೆ 24 ತಾಸು ಮಾತ್ರ. ಕಣ್ಣಿನ ಹನಿ ತೆರೆದ ಮೇಲೆ ಸಾಮಾನ್ಯವಾಗಿ ನಾಲ್ಕು ವಾರ.

ಹಂತ 5: ಫ್ರಿಜ್ ಇಲ್ಲದಿದ್ದರೆ

ಫ್ರಿಜ್ ಇಲ್ಲವೆಂದು ಇನ್ಸುಲಿನ್ ಬಿಟ್ಟವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದ ಬಿಸಿಲನ್ನು ಅನುಸರಿಸಿ ವೈದ್ಯರ ಸಂಘಟನೆಯೊಂದು ಜಿನೀವಾ ವಿಶ್ವವಿದ್ಯಾಲಯದ ಜೊತೆ ಇನ್ಸುಲಿನ್ ಪರೀಕ್ಷೆ ಮಾಡಿತ್ತು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ದಿನವೂ 25ರಿಂದ 37 ಡಿಗ್ರಿ ನಡುವೆ ಏರಿಳಿದರೂ ನಾಲ್ಕು ವಾರ ಇನ್ಸುಲಿನ್ ಸತ್ವ ಉಳಿಸಿಕೊಂಡಿತ್ತು. ನಮ್ಮ ಬೇಸಿಗೆ 37ನ್ನೂ ಮೀರುತ್ತದೆ, ಅದಕ್ಕೇ ಮಡಕೆ ಬೇಕು.

ಮಾಡುವ ಬಗೆ ಹೀಗೆ. ಒಳಗೊಂದು ಹೊರಗೊಂದು ಹಿಡಿಯುವಂತೆ ಎರಡು ಮಣ್ಣಿನ ಮಡಕೆ ತನ್ನಿ. ಹೊರಗಿನ ಮಡಕೆಗೆ ಮೆರುಗು ಬಳಿದಿರಬಾರದು, ನೀರು ಸೂಸಬೇಕು. ದೊಡ್ಡದರ ತಳಕ್ಕೆ ಮರಳು ಹಾಕಿ, ಸಣ್ಣದನ್ನು ಕೂರಿಸಿ, ಸುತ್ತಲಿನ ಸಂದಿಗೂ ಮರಳು ತುಂಬಿ. ಮರಳಿಗೆ ಬೆಳಿಗ್ಗೆ, ಸಂಜೆ ನೀರು ಹಾಕಿ. ಇನ್ಸುಲಿನ್ನನ್ನು ನೀರು ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಒಳಮಡಕೆಗೆ ಇಳಿಸಿ, ಒದ್ದೆ ಬಟ್ಟೆ ಮುಚ್ಚಿ. ನೆರಳಿರಲಿ, ಗಾಳಿ ಆಡಲಿ. ಮುಚ್ಚಿದ ಕಪಾಟಿನೊಳಗೆ ಇಟ್ಟರೆ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ.

ಇಂಡಿ, ಸಿಂದಗಿ, ಹುನಗುಂದದ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಅಷ್ಟು ತಂಪಾಗದು, ಆದರೆ ಆಗ ಬಿಸಿಯೂ ಕಡಿಮೆ. ಒಳಗೆ ಥರ್ಮಾಮೀಟರ್ ಇಟ್ಟು ಒಂದೆರಡು ದಿನ ನೋಡಿ ನಂಬಿ. ತೆರೆಯದ ಬಾಟಲಿಗಳನ್ನು ಮನೆಯಲ್ಲಿ ರಾಶಿ ಹಾಕಬೇಡಿ, ಬೇಕಾದಾಗ ಒಂದೊಂದೇ ಕೊಳ್ಳಿ.

ಹಂತ 6: ಮಕ್ಕಳು, ಮತ್ತು ಜೋಳದ ಗುಳಿಗೆ

ಈ ಭಾಗವನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ನಮ್ಮ ಜಿಲ್ಲೆಗಳಲ್ಲಿ ಜೋಳ, ಗೋಧಿ, ಕಡಲೆಗೆ ಹುಳ ಹತ್ತಬಾರದೆಂದು ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ಅದನ್ನೂ ಗುಳಿಗೆ ಎಂದೇ ಕರೆಯುತ್ತೇವೆ, ಅಪಾಯ ಇರುವುದು ಅಲ್ಲೇ. ತೇವ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಆ ವಿಷಕ್ಕೆ ನಿರ್ದಿಷ್ಟ ಪ್ರತಿಮದ್ದು ಇಲ್ಲ. ಅದು ಔಷಧ ಇರುವ ಕಪಾಟಿನಲ್ಲಿ, ಜನ ಮಲಗುವ ಕೋಣೆಯಲ್ಲಿ ಯಾವ ಕಾರಣಕ್ಕೂ ಇರಬಾರದು. ದ್ರಾಕ್ಷಿ, ಹತ್ತಿ, ಕಬ್ಬಿಗೆ ಹೊಡೆಯುವ ಕೀಟನಾಶಕ ಎಣ್ಣೆಗೂ ಇದೇ ಮಾತು. ಖಾಲಿ ಸಿರಪ್ ಬಾಟಲಿಗೆ ಆ ಎಣ್ಣೆ ಹಾಕಿಡುವುದನ್ನು ಇವತ್ತೇ ನಿಲ್ಲಿಸಿ. ಔಷಧಕ್ಕೂ ಈ ವಿಷಗಳಿಗೂ ಬೀಗ ಇರುವ ಬೇರೆ ಬೇರೆ ಜಾಗ ಮಾಡಿ.

ಮಕ್ಕಳಿಗೆ ಔಷಧ ಕುಡಿಸುವಾಗ ‘ಪೆಪ್ಪರಮೆಂಟ್’ ಎಂದು ಪುಸಲಾಯಿಸಬೇಡಿ. ಬಸುರಿಯರಿಗೆ ಕೊಡುವ ಕೆಂಪು ಕಬ್ಬಿಣಾಂಶದ ಗುಳಿಗೆ ಮಗುವಿನ ಕಣ್ಣಿಗೆ ಮಿಠಾಯಿ. ಕೆಲವನ್ನು ನುಂಗಿದರೂ ಪುಟ್ಟ ಮಗುವಿನ ಜೀವಕ್ಕೆ ಅಪಾಯ. ಅಜ್ಜ ಅಜ್ಜಿಯ ಬಿ.ಪಿ., ಸಕ್ಕರೆ ಗುಳಿಗೆಗಳೂ ಹಾಗೆಯೇ. ಅವು ದಿಂಬಿನ ಕೆಳಗೆ, ಎಲೆ ಅಡಿಕೆ ಸಂಚಿಯಲ್ಲಿ ಇರಬಾರದು.

ಮಗು ಏನಾದರೂ ನುಂಗಿದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಸ್ಟ್ರಿಪ್ ಅಥವಾ ಬಾಟಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿ.

ಹಂತ 7: ಹಳತು ತೆಗೆಯಿರಿ

ಯುಗಾದಿಗೆ, ದೀಪಾವಳಿಗೆ ಮನೆ ಸಾರಿಸಿ ತೊಳೆಯುವಾಗ ಔಷಧದ ಡಬ್ಬಿಯನ್ನೂ ಸುರಿದು ನೋಡಿ. ದಿನಾಂಕದಲ್ಲಿ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು, ಅದೂ ಸರಿಯಾಗಿ ಇಟ್ಟಿದ್ದರೆ. ಬಣ್ಣ ಕೆಟ್ಟದ್ದು, ಪುಡಿಯಾದದ್ದು, ಹೆಸರಿಲ್ಲದ್ದು ಎಲ್ಲ ಹೊರಗೆ.

ಎಸೆಯುವುದೂ ಸರಿಯಾಗಿ ಆಗಬೇಕು. ಹೊಲದ ಬಾವಿಗೆ, ಕಾಲುವೆಗೆ, ಗಟಾರಕ್ಕೆ ಹಾಕಬೇಡಿ. ಮುಗಿದ ಔಷಧ, ಬಳಸಿದ ಸೂಜಿಗಳನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆ ಕಟ್ಟಿ ಕಸದ ಗಾಡಿಯವರಿಗೆ ಹೇಳಿ ಕೊಡಬೇಕು. ಗಾಡಿ ಬಾರದ ಊರಲ್ಲಿ ಗುಳಿಗೆ ಬಿಡಿಸಿ ಹಳೆಯ ಚಹಾಪುಡಿ ಅಥವಾ ಮಣ್ಣಿಗೆ ಬೆರೆಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ, ದನ ಕರು ಬಾಯಿ ಹಾಕದ ಕಡೆ ವಿಲೇವಾರಿ ಮಾಡಿ. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಕೊಡಿ. ಪೌರಕಾರ್ಮಿಕರ ಕೈಗೆ ಸೂಜಿ ಚುಚ್ಚುವುದು ನಮ್ಮ ಅಜಾಗ್ರತೆಯಿಂದ.

ಹಂತ 8: ಪ್ರಯಾಣಕ್ಕೆ ಕಟ್ಟಿಕೊಳ್ಳುವುದು

ಎಷ್ಟು ದಿನದ ಪ್ರಯಾಣವೋ ಅದಕ್ಕಿಂತ ಮೂರು ನಾಲ್ಕು ದಿನದ ಔಷಧ ಜಾಸ್ತಿ ಇರಲಿ. ಡಾಕ್ಟರ್ ಬರೆದ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ, ಒಂದು ಪ್ರತಿ ಕಾಗದದಲ್ಲೂ ಇರಲಿ. ಬ್ರ್ಯಾಂಡ್ ಹೆಸರಿನ ಜೊತೆ ಮೂಲ ಔಷಧದ ಹೆಸರು ಬರೆದುಕೊಳ್ಳಿ. ಬೇರೆ ಊರಲ್ಲಿ ಆ ಬ್ರ್ಯಾಂಡ್ ಸಿಗದಿದ್ದರೂ ಜನೌಷಧಿ ಕೇಂದ್ರದಲ್ಲಿ ಆ ಹೆಸರಿನ ಮೇಲೆ ಸಿಗಬಹುದು.

ಔಷಧ ಕೈಚೀಲದಲ್ಲೇ ಇರಬೇಕು. ಬಸ್ಸಿನ ಹೊಟ್ಟೆಯ ಡಿಕ್ಕಿ ಬೇಡ, ತಗಡಿಗೆ ಹತ್ತಿದ ಮೇಲಿನ ಕಟ್ಟೆಯೂ ಬೇಡ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟರೆ ಬಿಸಿಲು ಬೀಳುವ ಕಿಟಕಿ ಬಿಟ್ಟು ಒಳಬದಿಗೆ ಇಡಿ. ಕಾರಿನಲ್ಲಂತೂ ಬಿಟ್ಟು ಇಳಿಯಲೇಬೇಡಿ. ಬಾದಾಮಿಯ ಗುಹೆ ನೋಡಿ ಬರುವಷ್ಟರಲ್ಲಿ ಬಿಸಿಲಿಗೆ ನಿಂತ ಕಾರಿನ ಒಳಗೆ 60 ಡಿಗ್ರಿ ದಾಟಬಹುದು. ಅಷ್ಟು ಕಾದರೆ ಆಸ್ತಮಾದ ಸ್ಪ್ರೇ ಡಬ್ಬಿ ಒಡೆಯಲೂಬಹುದು.

ಇನ್ಸುಲಿನ್‌ಗೆ ದಪ್ಪ ಚೀಲ, ಜೆಲ್ ಐಸ್ ಪ್ಯಾಕ್ ಬಳಸಿ. ಪ್ಯಾಕ್ ನೇರವಾಗಿ ಬಾಟಲಿಗೆ ತಾಗಬಾರದು, ನಡುವೆ ಟವೆಲ್ ಸುತ್ತಿ. ಅಗಲ ಬಾಯಿಯ ಥರ್ಮಾಸನ್ನು ತಣ್ಣೀರಿನಿಂದ ತಂಪು ಮಾಡಿ, ಒರೆಸಿ, ಅದರಲ್ಲಿಟ್ಟು ಒಯ್ಯುವುದೂ ನಡೆಯುತ್ತದೆ. ನಾಯಿ ಕಚ್ಚಿದ ಲಸಿಕೆಯನ್ನು ಅಂಗಡಿಯಿಂದ ದವಾಖಾನೆಗೆ ಒಯ್ಯುವವರಿಗೂ ಇದೇ ದಾರಿ. ಅದನ್ನು ಕಿಸೆಯಲ್ಲಿಟ್ಟುಕೊಂಡು ಹೋಗಬೇಡಿ.

ಶ್ರೀಶೈಲ ಪಾದಯಾತ್ರೆಗೆ ಹೊರಟವರಿಗೆ

ಯುಗಾದಿಯ ಮುಂಚೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದ ಮಲ್ಲಯ್ಯನ ಭಕ್ತರು ನಡೆದು ಹೋಗುತ್ತಾರೆ. ಬಿ.ಪಿ., ಸಕ್ಕರೆ ಇದ್ದವರೂ ಹೋಗುತ್ತಾರೆ. ಹೊರಡುವ ವಾರ ಮುಂಚೆ ಡಾಕ್ಟರನ್ನು ಕಂಡು ಬನ್ನಿ. ದಿನವಿಡೀ ನಡೆದರೆ ಸಕ್ಕರೆ ತಾನೇ ಇಳಿಯುತ್ತದೆ, ಡೋಸ್ ತಗ್ಗಿಸಬೇಕಾಗಬಹುದು. ಮೂತ್ರ ಹೆಚ್ಚಿಸುವ ಬಿ.ಪಿ. ಗುಳಿಗೆ ಇದ್ದರೆ ಬಿಸಿಲಿನಲ್ಲಿ ಏನು ಮಾಡಬೇಕೆಂದು ಕೇಳಿ, ನೀವೇ ನಿಲ್ಲಿಸಬೇಡಿ.

ದಾರಿಯಲ್ಲಿ ಐಸ್ ಸಿಗುವ ನಂಬಿಕೆ ಇಲ್ಲ. ನೀರಿನಲ್ಲಿ ನೆನೆಸಿದರೆ ತಂಪು ಹಿಡಿಯುವ ಜೆಲ್ ಚೀಲಗಳು ಸಿಗುತ್ತವೆ, ಅವು ಒಣ ಗಾಳಿಯಲ್ಲಿ ಚೆನ್ನಾಗಿ ನಡೆಯುತ್ತವೆ. ಇಲ್ಲದಿದ್ದರೆ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ಗಾಳಿ ತಾಗುವಂತೆ ಹೆಗಲಿಗೆ ಹಾಕಿ, ಬಟ್ಟೆ ಆರದಂತೆ ನೋಡಿಕೊಳ್ಳಿ. ಸಾಮಾನಿನ ಟ್ರ್ಯಾಕ್ಟರಿನಲ್ಲಿ ಔಷಧ ಮುಂದೆ ಕಳಿಸಬೇಡಿ. ಅದು ನಿಮಗಿಂತ ಮುಂಚೆ ತಲುಪಿ ಬಿಸಿಲಲ್ಲಿ ನಿಂತಿರುತ್ತದೆ. ಅರ್ಧ ಔಷಧ ನಿಮ್ಮ ಬಳಿ, ಅರ್ಧ ಜೊತೆಗಾರರ ಬಳಿ ಇರಲಿ. ಕಿಸೆಯಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ತಪ್ಪದೆ ಇರಲಿ.

ದುಡಿಯಲು ಹೋಗುವವರಿಗೆ

ಕಬ್ಬು ಕಡಿಯಲು, ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಕುಟುಂಬ ಸಮೇತ ಹೋಗುವವರು ತಿಂಗಳುಗಟ್ಟಲೆ ಗುಡಿಸಲಿನಲ್ಲಿ, ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಕ್ಷಯದ ಔಷಧ ನಡೆಯುತ್ತಿದ್ದರೆ ಹೊರಡುವ ಮುಂಚೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಕ್ಷಯ ರೋಗಿಗಳ ಸರಕಾರಿ ದಾಖಲೆಯಲ್ಲಿ ನಿಮ್ಮ ಗುರುತಾದ ನಿಕ್ಷಯ್ ಸಂಖ್ಯೆ ಬರೆದುಕೊಳ್ಳಿ. ಹೋದ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಔಷಧ ಮುಂದುವರಿಯುತ್ತದೆ. ಆಗ ಗಂಟುಗಟ್ಟಲೆ ಹೊತ್ತೊಯ್ಯುವ, ಬಿಸಿಲಿನಲ್ಲಿ ಕಾಪಾಡುವ ಕಷ್ಟವೂ ಇಲ್ಲ. ಕೈಯಲ್ಲಿರುವಷ್ಟನ್ನು ಫಾಯಿಲ್ ಸಮೇತ ಬಿಗಿ ಡಬ್ಬಿಯಲ್ಲಿಟ್ಟು, ಗುಡಿಸಲಿನ ನೆರಳಿನ ಮೂಲೆಯಲ್ಲಿ, ನೆಲದಿಂದ ಸ್ವಲ್ಪ ಮೇಲೆ ಇಡಿ.

ವಿಮಾನ, ವಿದೇಶ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ವಿಮಾನ ಹತ್ತುವವರು ಇನ್ಸುಲಿನ್ನನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಸಾಮಾನಿನ ಕೋಣೆಯಲ್ಲಿ ಅದು ಹೆಪ್ಪುಗಟ್ಟಬಹುದು. ಚೀಟಿ ಜೊತೆಗಿದ್ದರೆ ತಪಾಸಣೆ ಸಲೀಸು. ದುಬೈ ಕಡೆ ಮಕ್ಕಳ ಮನೆಗೆ ಹೋಗುವ ತಂದೆ ತಾಯಿಗಳು ಗಮನಿಸಿ: ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ನೋವಿನ ಗುಳಿಗೆಗಳಿಗೆ ಅಲ್ಲಿ ಕಟ್ಟುನಿಟ್ಟಿನ ನಿಯಮ ಇದೆ, ಮುಂಚೆಯೇ ಅನುಮತಿ ಬೇಕು. ಪಕ್ಕದ ಮನೆಯವರು ‘ನಮ್ಮ ಹುಡುಗನಿಗೆ ಕೊಡಿ’ ಎಂದು ಕೊಟ್ಟ ಔಷಧದ ಪೊಟ್ಟಣ ಒಯ್ಯಬೇಡಿ.

ಊರಿಗೆ ಮರಳಿದ ದಿನವೇ ಚೀಲ ಬಿಚ್ಚಿ. ಪ್ರಯಾಣದಲ್ಲಿ ತಿರುಗಾಡಿದ ಇನ್ಸುಲಿನ್ನನ್ನು ಫ್ರಿಜ್ಜಿನ ಹೊಸ ಬಾಟಲಿಗಳ ಜೊತೆ ಬೆರೆಸದೆ ಗುರುತು ಹಾಕಿ ಬೇರೆ ಇಡಿ. ಅದು ಮಧ್ಯೆ ಎಲ್ಲಾದರೂ ಕಾದಿತ್ತು ಅನ್ನಿಸಿದರೆ ಎರಡು ಮೂರು ದಿನ ಸಕ್ಕರೆ ಅಳೆದು ನೋಡುವುದಕ್ಕಿಂತ ಹೊಸದನ್ನು ತೆರೆಯುವುದೇ ಸರಿ.